ಕೊಂಡಿ ಹಾಕಿದ ಪುಟ

ಆಯ್ಕೆಯ ಸ್ವಾತಂತ್ರ್ಯವೇ ಮನುಷ್ಯನನ್ನು ಉಳಿದ ಪ್ರಾಣಿಗಳಿಂದ ಬೇರೆ ಮಾಡುತ್ತದೆ. ಆ ಸ್ವಾತಂತ್ರ್ಯವನ್ನು ಅವನು ಹೇಗೆ ಬಳಸಿದ ಎಂಬುದರ ಮೇಲೆಯೇ ಅವನ ಘನತೆ ನಿಂತಿದೆ. ಎಮ್ಮೆಗೆ ಈ ಘನತೆ ಇಲ್ಲ, ನಿಜ. ಆದರೆ ಎಮ್ಮೆಯನ್ನು ಕರೆದು ಯಾರೂ ವೆಬ್‌ಸೈಟ್ ಮಾಡಿಕೊಡು ಎನ್ನುವುದಿಲ್ಲ. ಎರಡು ಸಾವಿರದ ಏಳೆಂಟರ ಸುಮಾರಿನಲ್ಲಿ ನಾನು ಎಷ್ಟೋ ಸಂಜೆ ಬಾಗಲಕೋಟೆಯ ಹಿನ್ನೀರಿನ ದಂಡೆಗೆ ಹೋಗಿ, ಮೂಗಿನ ತನಕ ಮುಳುಗಿ ಮಲಗಿದ ಎಮ್ಮೆಗಳನ್ನು ಅಸೂಯೆಯಿಂದ ನೋಡಿ ಬಂದಿದ್ದೇನೆ.

ಆ ಹಿನ್ನೀರಿನ ಕೆಳಗೆ ಎಲ್ಲೋ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಹಳೇ ಊರಿಗೆ ಅಣೆಕಟ್ಟಿನ ನೀರು ಬರುವ ಮೊದಲೇ ಯಂತ್ರಗಳನ್ನು ಟೆಂಪೋದಲ್ಲಿ ಹೇರಿಕೊಂಡು, ಮುಳುಗಡೆಯವರಿಗೆಂದು ಕಟ್ಟಿದ ನವನಗರಕ್ಕೆ ಬಂದೆ. ಬಂದು ನೋಡಿದರೆ, ನೀರಿನಿಂದ ಪಾರಾದ ಟೈಪ್‌ರೈಟರುಗಳು ಕಂಪ್ಯೂಟರಿನಿಂದ ಪಾರಾಗುವ ಲಕ್ಷಣ ಕಾಣಲಿಲ್ಲ. ಕೀಲಿಗಳ ಜಾಗ ಎರಡರಲ್ಲೂ ಒಂದೇ ಎಂಬ ಧೈರ್ಯದ ಮೇಲೆ ನಾನೂ ಕಂಪ್ಯೂಟರ್ ಕೊಂಡೆ, ಪುಸ್ತಕ ಇಟ್ಟುಕೊಂಡು ವೆಬ್ ಪುಟ ಮಾಡುವುದನ್ನು ಕಲಿತೆ, ಬೋರ್ಡು ಬದಲಿಸಿದೆ. ಮೊದಲ ಗಿರಾಕಿ ಬಾದಾಮಿಯ ಒಂದು ಲಾಡ್ಜು. ಕ್ಯಾಲೆಂಡರಿನಲ್ಲಿ ತಾರೀಖು ಒತ್ತಿದರೆ ರೂಮು ಹಿಡಿಯಬಹುದಾದ ಪುಟವನ್ನು ಅವರಿಗೆ ಮಾಡಿಕೊಟ್ಟೆ. ಮಾಲಕರು ಅದನ್ನು ನಂಬಿರಲಿಲ್ಲ. ಒಂದು ದಿನ ಪರದೇಶದ ದಂಪತಿ ಗಂಟುಮೂಟೆ ಸಮೇತ ಕೌಂಟರಿನ ಮುಂದೆ ನಿಂತು, ಈ ರೂಮು ನಮ್ಮದು ಎಂದಾಗ ಗಾಬರಿಯಾಗಿ ನನಗೆ ಫೋನ್ ಮಾಡಿದರು. "ಏನ್ರಿ ಇದು, ಮಂದಿ ಖರೇನ ಬರಾಕತ್ತಾರ!" ನನ್ನ ವೃತ್ತಿಜೀವನಕ್ಕೆ ಸಿಕ್ಕ ದೊಡ್ಡ ಪ್ರಶಸ್ತಿ ಅದೊಂದೇ.

ಈ ಕೀರ್ತಿ ಇಳಕಲ್ಲಿನ ತನಕ ಮುಟ್ಟಿತು. ಮುಟ್ಟಿಸಿದವಳು ನನ್ನ ಹೆಂಡತಿ. ಅವಳ ತವರು ಅದು. ಮಾವನವರು ನೇಕಾರರು. ನೇಕಾರರ ಸಂಘವೊಂದರ ಶೆಡ್ಡಿನಲ್ಲಿದ್ದ ಆರು ಮಗ್ಗಗಳಲ್ಲಿ ಒಂದರ ಮೇಲೆ ಬದುಕಿಡೀ ಕೂತವರು. ಆ ವರ್ಷ ಶೆಡ್ಡು ನಡೆಯುವ ಸ್ಥಿತಿಯಲ್ಲಿರಲಿಲ್ಲ. ನೇಯ್ದ ಸೀರೆ ಮಾರಿಹೋಗದೆ ಕಪಾಟು ತುಂಬಿ, ಮಗ್ಗಗಳು ಎರಡು ದಿನ ನಡೆದರೆ ನಾಲ್ಕು ದಿನ ಸುಮ್ಮನಿರುತ್ತಿದ್ದವು. ನೇಯ್ಗೆ ಬಿಟ್ಟವರಿಗೆ ಊರಲ್ಲಿ ಇನ್ನೊಂದು ದಾರಿ ಗ್ರಾನೈಟು. ಹರೆಯದವರು ಕಲ್ಲು ಕೊಯ್ಯಲು, ಪಾಲಿಶ್ ಹಿಡಿಯಲು ಹೋಗುತ್ತಾರೆ. ವಯಸ್ಸಾದವರನ್ನು ಫ್ಯಾಕ್ಟರಿಯ ಗೇಟಿನಲ್ಲಿ ಸ್ಟೂಲು ಹಾಕಿ ಕೂಡಿಸುತ್ತಾರೆ. ಮಾವನವರಿಗೆ ಅಂಥದೊಂದು ಸ್ಟೂಲನ್ನು ಯಾರೋ ಆಗಲೇ ತೋರಿಸಿಯೂ ಇದ್ದರು.

ಅಷ್ಟರಲ್ಲಿ ಮುಂಬಯಿಯ ಒಬ್ಬ ವ್ಯಾಪಾರಿ ಸಿಕ್ಕ. ವರ್ಷವಿಡೀ ಮಾಲು ತೆಗೆದುಕೊಳ್ಳುತ್ತೇನೆ, ಆರೂ ಮಗ್ಗ ನಿಲ್ಲದಂತೆ ನೋಡಿಕೊಳ್ಳುತ್ತೇನೆ ಎಂದ. ಅವನ ಷರತ್ತು ಎರಡು. ಒಂದು, ಕೆಂಪು ಸೆರಗಲ್ಲದೆ ಬೇರೆ ಬಣ್ಣದ ಸೆರಗೂ ಬೇಕು. ಎರಡು, ಅವನ ಪಾಲುದಾರರು ಬೇರೆ ಬೇರೆ ಊರಲ್ಲಿದ್ದರು. ಅವರೆಲ್ಲ ಕೂತಲ್ಲಿಂದಲೇ ನೋಡಲು ವೆಬ್‌ಸೈಟ್ ಬೇಕು. ಬರಿಯ ಫೋಟೋ ಸಾಲದು. ಸೀರೆಯ ಒಡಲಿನ ಬಣ್ಣ ಒತ್ತಿದರೆ ಒಡಲು ಬದಲಾಗಬೇಕು, ಸೆರಗು ಒತ್ತಿದರೆ ಸೆರಗು ಬದಲಾಗಬೇಕು. ಇನ್ನೊಂದು ಊರಿನ ಪಾರ್ಟಿ ಅಂಥ ಪುಟ ತೋರಿಸಿದೆ, ನಿಮ್ಮದನ್ನೂ ನೋಡಿ ಇಬ್ಬರಲ್ಲಿ ಒಬ್ಬರಿಗೆ ಆರ್ಡರು ಎಂದ. ಯುಗಾದಿ ಕಳೆದ ಮೇಲೆ ಒಂದು ಸೋಮವಾರವನ್ನು ಅವನೇ ಗೊತ್ತು ಮಾಡಿದ.

ಮೊದಲನೆಯ ಷರತ್ತನ್ನು ಮಾವನವರು ಪೂರೈಸಿದರು. ಇಳಕಲ್ ಸೀರೆಯ ಸೆರಗು ಕೆಂಪು ರೇಷ್ಮೆ, ಅದರ ಮೇಲೆ ಬಿಳಿಯ ತೆನೆಯ ಚಿತ್ತಾರ. ಅದು ಅವರಿಗೆ ಮೂಡಣ ದಿಕ್ಕಿನಷ್ಟು ಖಚಿತವಾದ ಸಂಗತಿ. ಆದರೂ ಹಲ್ಲು ಕಚ್ಚಿ ಹಸಿರು ಸೆರಗು ನೇಯ್ದರು, ನೀಲಿ ನೇಯ್ದರು, ಕಡೆಗೊಂದು ನೇರಳೆ ನೇಯ್ದರು. ಮಗ್ಗದಿಂದ ಇಳಿಸಿ ಮಡಚುವಾಗ ನೇರಳೆಯನ್ನು ಎರಡನೆಯ ಸಲ ನೋಡಿ, "ಕೆಟ್ಟದ್ದೇನೂ ಇಲ್ಲ ಬಿಡ್ರಿ" ಎಂದರು. ಆ ಮನೆಯಲ್ಲಿ ಅದು ದೊಡ್ಡ ಸುದ್ದಿಯಾಯಿತು.

ಎರಡನೆಯ ಷರತ್ತು ನನ್ನ ಪಾಲಿಗೆ ಬಂತು. "ನಮ್ಮಪ್ಪನ್ನ ಗೇಟ್ ಕಾಯಾಕ ಹಚ್ಚಬ್ಯಾಡ್ರಿ ಮತ್ತ" ಎಂದಳು ಹೆಂಡತಿ. ಹೆದರಿಸುವ ದನಿಯಲ್ಲಿ ಹೇಳಿದ್ದರೆ ನಾನು ತಿರುಗಿ ಏನಾದರೂ ಅನ್ನುತ್ತಿದ್ದೆ. ಹಿಟ್ಟು ನಾದುತ್ತ, ನನ್ನ ಕಡೆ ನೋಡದೆ ಹೇಳಿದಳು.

ವೆಬ್ ಪುಟದಲ್ಲಿ ಚಿತ್ರ ಸರಿಯುವುದು, ಪಟ್ಟಿ ಬಿಚ್ಚಿಕೊಳ್ಳುವುದು, ಒತ್ತಿದರೆ ಬಣ್ಣ ಬದಲಾಗುವುದು, ಇವನ್ನೆಲ್ಲ ಮೊದಲಿನಿಂದ ಬರೆಯುವವನಿಗೆ ಆಯುಷ್ಯ ಸಾಲದು. ಪುಣ್ಯಾತ್ಮರು ಬರೆದಿಟ್ಟ ಸಿದ್ಧ ಪ್ರೋಗ್ರಾಮುಗಳ ಕಟ್ಟುಗಳಿವೆ, ಲೈಬ್ರರಿ ಎನ್ನುತ್ತಾರೆ. ಇಳಿಸಿಕೊಂಡು ಪುಟಕ್ಕೆ ಸೇರಿಸಿದರೆ ಅರ್ಧ ಕೆಲಸ ಮುಗಿಯುತ್ತದೆ. ಕಷ್ಟವೆಂದರೆ ಆ ಕಾಲದಲ್ಲಿ ಪುಣ್ಯಾತ್ಮರ ಸಂಖ್ಯೆ ಹೆಚ್ಚಾಗಿತ್ತು. ಪ್ರೊಟೊಟೈಪ್ ಇತ್ತು, ಜೆಕ್ವೆರಿ ಇತ್ತು, ಮೂಟೂಲ್ಸ್ ಇತ್ತು. ಡೋಜೊ ಎಂಬುದೂ ಇತ್ತು. ಅದು ನನ್ನ ಫೋನ್ ಲೈನಿನ ಮೇಲೆ ಇಳಿಯುವ ಮೊದಲು ಪ್ರತಿ ಸಲ ಕರೆಂಟು ಹೋಗುತ್ತಿದ್ದುದರಿಂದ ಅದರ ಗುಣದೋಷ ಹೇಳಲಾರೆ. ಇಂಟರ್‌ನೆಟ್ಟಿನ ಚರ್ಚೆಯ ಕಟ್ಟೆಗಳಲ್ಲಿ ಪ್ರತಿಯೊಬ್ಬರೂ ತಮ್ಮದೊಂದೇ ಮುಕ್ತಿಮಾರ್ಗ, ಉಳಿದವರು ನರಕಕ್ಕೆ ಹೊರಟವರು ಎಂದು ಬರೆಯುತ್ತಿದ್ದರು. ಓದಿದಷ್ಟೂ ನನಗೆ ಎಲ್ಲರೂ ಸರಿ ಅನ್ನಿಸುತ್ತಿತ್ತು. ಟೈಪ್‌ರೈಟರ್ ಕೊಳ್ಳುವ ಕಾಲಕ್ಕೆ ಕೇಳಬೇಕಾದ ಪ್ರಶ್ನೆ ಒಂದೇ ಇತ್ತು: ಇದರ ರಿಬ್ಬನ್ನು ಬಾಗಲಕೋಟೆಯಲ್ಲಿ ಸಿಗುತ್ತದೆಯೇ? ಸಿಕ್ಕರೆ ಒಳ್ಳೆಯ ಯಂತ್ರ, ಸಿಗದಿದ್ದರೆ ಕೆಟ್ಟದ್ದು. ಇಲ್ಲಿ ಹಾಗೆ ಕೇಳಲು ಏನೂ ಇರಲಿಲ್ಲ. ಎಲ್ಲವೂ ಪುಕ್ಕಟೆ ಸಿಗುತ್ತಿದ್ದವು, ಅದೇ ಸಂಕಟ.

ಜರಡಿ ಹಿಡಿದು ಹಿಡಿದು ಎರಡನ್ನು ಉಳಿಸಿಕೊಂಡೆ. ಲಾಡ್ಜಿಗೆ ಬಳಸಿದ್ದ ಪ್ರೊಟೊಟೈಪ್ ಒಂದು. ಅದನ್ನು ಹಳೆಯದು ಎನ್ನುತ್ತೇನೆ. ಜೆಕ್ವೆರಿ ಇನ್ನೊಂದು, ಅದು ಹೊಸದು. ಹಳೆಯದರ ಸ್ವಭಾವ ನನಗೆ ಗೊತ್ತಿತ್ತು, ಸೀರೆ ಮಡಿಕೆ ಬಿಚ್ಚಿಕೊಂಡ ಹಾಗೆ ಒಡಲನ್ನು ತೋರಿಸಲು ಅದರಲ್ಲಿ ಬೇಕಾದದ್ದೆಲ್ಲ ಸಿದ್ಧವಿತ್ತು. ಹೊಸದಕ್ಕೆ ಯಾರೋ ಒಬ್ಬರು ಒಂದು ಬಿಡಿಭಾಗ ಬರೆದಿದ್ದರು. ಚಿತ್ರದ ಮೇಲೆ ಮೌಸಿನ ಬಾಣ ಒಯ್ದರೆ ಅಷ್ಟು ಭಾಗ ದೊಡ್ಡದಾಗಿ ಕಾಣುತ್ತಿತ್ತು. ಸೆರಗಿನ ತೆನೆಗೆ ಅದನ್ನು ಹಿಡಿದು ನೋಡಿದೆ. ರೇಷ್ಮೆಯ ಎಳೆ ಎಳೆ ಎದ್ದು ಬಂತು. ಅದನ್ನು ನೋಡಿದ ಮೇಲೆ ಬಿಡಲು ಮನಸ್ಸಾಗಲಿಲ್ಲ. ಹಳೆಯದನ್ನು ಬಿಡಲು ಧೈರ್ಯವಾಗಲಿಲ್ಲ. ಸಂಘದವರೇ ನಿರ್ಧರಿಸಲಿ ಎಂದು ಇಳಕಲ್ಲಿಗೆ ಹೋದೆ. ಜಗತ್ತಿನಲ್ಲಿ ಈ ಪ್ರಶ್ನೆಯನ್ನು ನೇಕಾರರ ಸಂಘದ ಸಭೆಯ ಮುಂದಿಟ್ಟ ಮನುಷ್ಯ ನಾನೊಬ್ಬನೇ ಇರಬೇಕು.

ಸಭೆ ಶೆಡ್ಡಿನಲ್ಲೇ ಕೂಡಿತು. ಸಂಘದ ಚೇರಮನ್ನರು ಮಗ್ಗದ ಕಟ್ಟಿಗೆಗೆ ಬೆನ್ನು ಕೊಟ್ಟು ಕೂತರು. ಮಾವನವರು ಬಾಗಿಲ ಹತ್ತಿರ. ಉಳಿದವರು ಅಲ್ಲಲ್ಲಿ. ನಾನು ಎಲ್ಲವನ್ನೂ ವಿವರವಾಗಿ ಹೇಳಿದೆ. ಕೇಳಿ ಮುಗಿಸಿ ಚೇರಮನ್ನರು ಎಲೆಅಡಿಕೆ ಒಂದು ಕಡೆಯ ದವಡೆಗೆ ಸರಿಸಿದರು.

"ಅಳಿಯಂದ್ರ, ನೀವು ಹೇಳೂದು ಒಂದೂ ತಿಳೀಲಿಲ್ಲ. ಎರಡು ಅದಾವ ಅಂದ್ರಿ. ಅದರಾಗ ಛಲೋದು ಯಾವ್ದು, ಅಷ್ಟ ಹೇಳ್ರಿ."

"ಒಡಲು ತೋರಸಾಕ ಹಳೇದು ಛಲೋರಿ. ಸೆರಗು ತೋರಸಾಕ ಹೊಸಾದು."

"ಹಳೇದರಾಗ ಸೆರಗು ಬರೂದಿಲ್ಲೇನು?"

"ಬರತೈತ್ರಿ. ಆದ್ರ ನಾ ಕುಂತು ಬರೀಬೇಕು. ಭಾಳ ದಿನ ಹಿಡೀತೈತಿ."

"ಹೊಸಾದರಾಗ ಒಡಲು?"

"ಅದೂ ಬರತೈತ್ರಿ. ನಾ ಅದನ್ನ ಕಲೀಬೇಕು."

"ಹಂಗಾದ್ರ ಕಲೀದ ಎಲ್ಲಾರಿಗೂ ಮಾಸ್ತರಾಗೇರಿ ಅಂದಂಗಾತು" ಎಂದು ಮೂಲೆಯಿಂದ ನಶ್ಯ ಏರಿಸಿದವರೊಬ್ಬರ ದನಿ ಬಂತು. ಎಲ್ಲರೂ ನಕ್ಕರು. ಮಾವನವರು ನಗಲಿಲ್ಲ, ಅಳಿಯನಾದ್ದರಿಂದ ನಾನೂ ನಗಬೇಕೋ ಬೇಡವೋ ತಿಳಿಯದೆ ಕೂತೆ.

ಚೇರಮನ್ನರು ಕೈ ಎತ್ತಿ ನಗೆ ನಿಲ್ಲಿಸಿದರು. "ಇಷ್ಟಕ್ಕ ಯಾಕ ತಲಿ ಕೆಡಸ್ಕೋತೀರಿ? ಒಡಲು ಅದರಾಗ ಮಾಡ್ರಿ, ಸೆರಗು ಇದರಾಗ ಮಾಡ್ರಿ, ನಡುವ ಕೊಂಡಿ ಹಾಕ್ರಿ. ನಾವೇನ್ ಮಾಡ್ತೇವಿ ಮತ್ತ ದಿನಾ?"

ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ಬೇರೆ ಊರುಗಳಲ್ಲಿ ಸೀರೆಗೆ ಹಾಸು, ಅಂದರೆ ಉದ್ದದ ಎಳೆ, ಒಂದೇ. ಒಡಲಿನಿಂದ ಸೆರಗಿನ ತನಕ ಅದೇ ಎಳೆ ಹರಿಯುತ್ತದೆ. ಇಳಕಲ್ಲಿನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಅದು ಹತ್ತಿ ಇದ್ದರೂ ಇದು ರೇಷ್ಮೆ. ಒಂದರ ಎಳೆಯ ತುದಿಯನ್ನು ಇನ್ನೊಂದರ ಎಳೆಯೊಳಗೆ ಸಿಕ್ಕಿಸಿ ಕುಣಿಕೆ ಮಾಡುತ್ತಾರೆ, ಅಗಲಕ್ಕೂ ಎಳೆಗೆ ಎಳೆ. ಅದೇ ಕೊಂಡಿ. ಮನೆಯಲ್ಲಿ ಆ ಕೆಲಸ ಅತ್ತೆಯವರದು. ಎರಡು ಬೇರೆ ಜಾತಿಯ ದಾರ ಒಂದು ಸೀರೆಯಾಗಿ, ಒಂದು ಹೆಂಗಸಿನ ಆಯುಷ್ಯ ತಾಳುತ್ತದೆ. ಹುಟ್ಟಿದಾಗಿನಿಂದ ಇದನ್ನೇ ನೋಡಿದವರಿಗೆ, ಎರಡು ಬೇರೆ ವಸ್ತುಗಳನ್ನು ಕೂಡಿಸಲು ಬರುವುದಿಲ್ಲ ಎಂಬ ಯೋಚನೆಯೇ ಬರಲಾರದು. ಇಡೀ ಸಭೆ ತಲೆಯಾಡಿಸಿತು. ನನಗೂ ಅದು ಎಷ್ಟು ಸಹಜವಾಗಿ ಕಂಡಿತೆಂದರೆ, ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಲೈಬ್ರರಿ ಬರೆದ ಪುಣ್ಯಾತ್ಮರಲ್ಲಿ ಯಾರೂ ಇಳಕಲ್ಲಿನವರಲ್ಲ ಎಂಬ ಸಂಗತಿ ಆಗ ಯಾರ ಗಮನಕ್ಕೂ ಬರಲಿಲ್ಲ.

ನವನಗರಕ್ಕೆ ಮರಳಿ ಒಡಲನ್ನು ಹಳೆಯದರಲ್ಲಿ ಮಾಡಿದೆ. ದಾಳಿಂಬೆ ಬಣ್ಣ ಒತ್ತಿದರೆ ದಾಳಿಂಬೆ, ಗಿರಿಕುಂಕುಮ ಒತ್ತಿದರೆ ಗಿರಿಕುಂಕುಮ, ಮಡಿಕೆ ಬಿಚ್ಚಿಕೊಂಡು ಇಳಿಯುತ್ತಿತ್ತು. ಸೆರಗನ್ನು ಇನ್ನೊಂದು ಪುಟದಲ್ಲಿ ಹೊಸದರಲ್ಲಿ ಮಾಡಿದೆ. ಅದೂ ದೇವರಂತೆ ನಡೆಯಿತು. ಎರಡನ್ನೂ ಒಂದೇ ಪುಟಕ್ಕೆ ತಂದೆ. ಪುಟ ಬೆಳ್ಳಗಾಯಿತು. ಒಡಲಿಲ್ಲ, ಸೆರಗಿಲ್ಲ, ಹಾಳೆ ಮಾತ್ರ.

ಮುಂದಿನ ದಿನಗಳೆಲ್ಲ ಒಂದೇ ಕೆಲಸ. ಒಂದು ಸಾಲು ತೆಗೆದು ನೋಡುವುದು, ಇನ್ನೊಂದು ಹಾಕಿ ನೋಡುವುದು. ಹಳೆಯದನ್ನು ಮೇಲೆ ಬರೆದರೆ ಒಡಲು ಸಾಯುತ್ತಿತ್ತು. ಕೆಳಗೆ ಬರೆದರೆ ಸೆರಗು. ಇಬ್ಬರಲ್ಲಿ ಒಬ್ಬರೇ ಬದುಕುತ್ತೇವೆ ಎಂದು ಹಟ ಹಿಡಿದ ದಾಯಾದಿಗಳ ಹಾಗೆ. ಒಂದನ್ನು ಕೈಬಿಟ್ಟು ಪೂರ್ತಿ ಮತ್ತೆ ಬರೆಯೋಣವೆಂದರೆ ದಿನಗಳು ಉಳಿದಿರಲಿಲ್ಲ. ಮಾವನವರಿಂದ ದಿನಾ ಫೋನು. ಕೆಲಸದ ಸುದ್ದಿ ಕೇಳುತ್ತಿರಲಿಲ್ಲ. "ಅಲ್ಲಿ ಬಿಸಲ ಹೆಂಗೈತಿ?" ಎನ್ನುತ್ತಿದ್ದರು. ಬಿಸಿಲು ಬಹಳ ಇದೆ ಎನ್ನುತ್ತಿದ್ದೆ. "ಇಲ್ಲೂ ಭಾಳ ಐತಿ" ಎಂದು ಇಟ್ಟುಬಿಡುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮನೆಯ ಫೋನ್ ಲೈನಿನಲ್ಲಿ ಚರ್ಚೆಯ ಕಟ್ಟೆಗಳು ತೆರೆಯುವ ಮೊದಲೇ ಸಂಪರ್ಕ ಕಡಿದುಹೋಗುತ್ತಿತ್ತು. ಕಡೆಗೆ ಹುನಗುಂದಕ್ಕೆ ಹೋದೆ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಬ್ರಾಡ್‌ಬ್ಯಾಂಡ್ ಇದ್ದ ಒಂದು ಸೈಬರ್ ಸೆಂಟರ್ ಇತ್ತು, ಇಳಕಲ್ಲಿಗೂ ಹತ್ತಿರ. ಅದರ ಮಾಲಕರು ದಪ್ಪ ಆಳು, ನನ್ನ ಪರಿಚಯದವರು. ಎಲ್ಲ ಯಂತ್ರಗಳಲ್ಲೂ ನರಿ ಚಿತ್ರದ ಬ್ರೌಸರ್ ಹಾಕಿ, ವಿಂಡೋಸ್ ಜೊತೆಗೇ ಬರುವ ನೀಲಿ ಬ್ರೌಸರನ್ನು ಕಣ್ಣಿಗೆ ಬೀಳದ ಹಾಗೆ ಅಡಗಿಸಿಟ್ಟಿದ್ದರು. "ನೀಲೀದು ಮುಟ್ಟಿದ್ರ ವೈರಸ್ ಬರತಾವ್ರಿ ಸರ್. ನಿಮ್ಮ ಮಿಷನ್ ಮ್ಯಾಗೂ ಇಟ್ಕೋಬ್ಯಾಡ್ರಿ." ಅವರ ಮಾತು ಕೇಳಿ ನನ್ನ ಯಂತ್ರದಲ್ಲೂ ನಾನು ಅದನ್ನು ಮುಟ್ಟುತ್ತಿರಲಿಲ್ಲ.

ಅಲ್ಲಿ ಕೂತು ಹುಡುಕಿದಾಗ ರೋಗ ತಿಳಿಯಿತು. ಎರಡು ಲೈಬ್ರರಿಗಳೂ ಪುಟದ ಮೇಲೆ ಒಂದೇ ಗುರುತನ್ನು, ಡಾಲರಿನ ಚಿಹ್ನೆಯನ್ನು, ತಮ್ಮದೆಂದು ಹಿಡಿದು ಕೂರುತ್ತವೆ. ಆಮೇಲೆ ಬಂದದ್ದು ಮೊದಲಿನದರ ಗುರುತು ಕಸಿದುಕೊಳ್ಳುತ್ತದೆ. ಔಷಧವೂ ಸಿಕ್ಕಿತು: ಹೊಸದಕ್ಕೆ, ನೀನು ಹಕ್ಕು ಬಿಟ್ಟುಕೊಡು ಎಂದು ಹೇಳುವ ಒಂದೇ ಒಂದು ಸಾಲು. ಬರೆದೆ. ಸೆರಗಿನ ಕಡೆಯ ಲೆಕ್ಕಾಚಾರವನ್ನೆಲ್ಲ ತಿದ್ದಿದೆ. ಪುಟ ತೆರೆಯಿತು. ದಾಳಿಂಬೆ ಒಡಲು ಬಿಚ್ಚಿಕೊಂಡು ಇಳಿಯಿತು, ಅದರ ತುದಿಗೆ ನೇರಳೆ ಸೆರಗು ಬಂದು ಕೂತಿತು.

ಫೋನ್ ಮಾಡಿ ಚೇರಮನ್ನರನ್ನೂ ಮಾವನವರನ್ನೂ ಕರೆಸಿದೆ. ಬಸ್ಸು ಹತ್ತಿ ಬಂದರು. ಮಾವನವರು ಕಿಸೆಯಿಂದ ಚಾಳೀಸು ತೆಗೆದು ಹಾಕಿಕೊಂಡು ಪರದೆಗೆ ಮುಖ ಹಚ್ಚಿ ನೋಡಿದರು. ಬಾಣ ಒಯ್ದು ತೆನೆಯ ಎಳೆ ತೋರಿಸಿದೆ. ಅವರು ಕಣ್ಣು ಹಾಯಿಸಿದ್ದು ಎಳೆಗಲ್ಲ, ಒಡಲು ಸೆರಗು ಕೂಡುವ ಜಾಗಕ್ಕೆ.

"ಕೊಂಡಿ ಕಾಣೂದಿಲ್ಲಲ್ಲ" ಎಂದರು.

"ಕಾಣಬಾರದು ಅಲ್ರೀ ಮಾವ?"

"ಹೌದು, ಕಾಣಬಾರದು" ಎಂದು ಚಾಳೀಸು ತೆಗೆದರು. ಅವರು ನನ್ನ ಮೇಲೆ ಪ್ರಸನ್ನರಾದದ್ದನ್ನು ಕಂಡದ್ದು ಅದೇ ಮೊದಲು. ಚೇರಮನ್ನರು ಸೈಬರ್ ಸೆಂಟರಿನವರಿಗೂ ಸೇರಿಸಿ ಚಹಾ ಹೇಳಿದರು. "ನಾ ಅವತ್ತ ಹೇಳಿದ್ದಿಲ್ಲೇನು?" ಎಂದು ದಾರಿಯುದ್ದಕ್ಕೂ ಹೇಳುತ್ತ ಇಳಕಲ್ಲಿಗೆ ಮರಳಿದರು.

ಸೋಮವಾರ ಬಂತು. ಶೆಡ್ಡಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಚೇರಮನ್ನರ ಮೊಬೈಲನ್ನು ಎಲ್ಲರಿಗೂ ಕೇಳುವಂತೆ ಮಾಡಿ, ಮಾವನವರ ಮಗ್ಗದ ಮುಂದೆ ಒಂದು ಮಣೆಯ ಮೇಲೆ, ಪೂಜೆಗೆ ಇಟ್ಟ ಹಾಗೆ ಇಟ್ಟಿದ್ದರು. ಸುತ್ತ ನಾವು ಕೂತಿದ್ದೆವು. ಅತ್ತೆಯವರೂ ನನ್ನ ಹೆಂಡತಿಯೂ ಬಾಗಿಲಲ್ಲಿ ನಿಂತಿದ್ದರು. ಹೇಳಿದ ಹೊತ್ತಿಗೆ ವ್ಯಾಪಾರಿಯ ಫೋನು ಬಂತು. ಪಾಲುದಾರರೆಲ್ಲ ತಮ್ಮ ತಮ್ಮ ಊರಲ್ಲಿ ಪುಟ ತೆರೆದು ಕೂತಿದ್ದಾರೆ ಎಂದ. ಒಡಲು ಚಂದ ಇದೆ ಎಂದ. ಶೆಡ್ಡು ಉಸಿರು ಬಿಟ್ಟಿತು. ಆಮೇಲೆ ಮರಾಠಿಯಲ್ಲಿ ಏನೋ ಕೇಳಿದ. ಚೇರಮನ್ನರ ಮುಖ ಗಟ್ಟಿಯಾಯಿತು.

"ಏನಂತ್ರೀ?" ಎಂದೆ.

"ಸೆರಗೆಲ್ಲಿ ಅಂತ ಕೇಳಾಕತ್ತಾರ."

ಬಣ್ಣದ ಮೇಲೆ ಒತ್ತಲು ಹೇಳ್ರಿ ಎಂದೆ. ಒತ್ತಿದ. ಇಲ್ಲ ಎಂದ. ಪುಟ ಮುಚ್ಚಿ ತೆರೆಯಲು ಹೇಳಿದೆ. ಒಡಲು ಮತ್ತೆ ಚಂದವಾಗಿ ಬಿಚ್ಚಿಕೊಂಡಿತಂತೆ. ಅದರ ತುದಿಗೆ ಖಾಲಿ. ಪಾಲುದಾರರ ಕಡೆಯೂ ಹಾಗೆಯೇ. ನಾನು ಮಣೆಯ ಮೇಲೆ ಬಗ್ಗಿ, ನನಗೆ ಬರುವ ಹರಕು ಹಿಂದಿಯಲ್ಲಿ, ನೀವು ಒತ್ತಿದ ಬ್ರೌಸರಿನ ಚಿತ್ರ ಯಾವ ಬಣ್ಣದ್ದು ಎಂದು ಕೇಳಿದೆ. ನೀಲಿ ಎಂದ. ಆಫೀಸಿನಲ್ಲಿ ಬೇರೆ ಯಾವುದೂ ಇಲ್ಲ ಎಂದ.

ಬಗ್ಗಿದವನು ಹಾಗೇ ಇದ್ದೆ. ತಪ್ಪು ಎಲ್ಲಿದೆ ಎಂದು ಆ ಭಂಗಿಯಲ್ಲೇ ಅರ್ಥವಾಯಿತು. ಹೊಸದು ಹಿಡಿದು ಕೊಟ್ಟ ಸೆರಗನ್ನು ಹಳೆಯದು ಒಡಲಿಗೆ ಸೇರಿಸಬೇಕು. ನರಿಯ ಬ್ರೌಸರಿನಲ್ಲಿ ಹಳೆಯದು ಅದನ್ನು ತನ್ನದೇ ಎಂದು ಕೈಚಾಚಿ ತೆಗೆದುಕೊಳ್ಳುತ್ತಿತ್ತು. ನೀಲಿಯಲ್ಲಿ, ಬೇರೆಯವರು ತಂದದ್ದು ತನ್ನದಲ್ಲ ಎಂದು ಮುಟ್ಟುತ್ತಿರಲಿಲ್ಲ. ಒಡಲೂ ಸರಿ ಇತ್ತು, ಸೆರಗೂ ಸರಿ ಇತ್ತು. ಬಿಚ್ಚಿದ್ದು ಕೊಂಡಿ. ತಿದ್ದಲು ಎರಡು ಸಾಲು ಸಾಕಿತ್ತು, ಆದರೆ ಆ ಎರಡು ಸಾಲನ್ನು ಬರೆಯುವ ಯಂತ್ರ ಹುನಗುಂದದಲ್ಲಿತ್ತು.

"ತಡೀರಿ ಅಂತ ಹೇಳ್ರಿ, ಒಂದ್ ತಾಸು ತಡೀರಿ ಅಂತ ಹೇಳ್ರಿ" ಎಂದೆ. ಚೇರಮನ್ನರು ಹೇಳಿದರು. ಆ ಕಡೆಯಿಂದ ಪಾಲುದಾರರೊಬ್ಬರಿಗೆ ವಿಮಾನವಿದೆ ಎಂಬ ಉತ್ತರ ಬಂತು. ಸಮಾಧಾನದ ದನಿಯಲ್ಲೇ ಹೇಳಿದ, ಪಾಪ. ನಿಮ್ಮ ಬಣ್ಣದ ಸೆರಗು ಇನ್ನೂ ತಯಾರಾಗಿಲ್ಲ ಅಂತ ಕಾಣುತ್ತದೆ ಎಂದೂ ಸೇರಿಸಿದ.

ಆ ಮಾತನ್ನು ಚೇರಮನ್ನರು ಕನ್ನಡ ಮಾಡಿ ಹೇಳಿದಾಗ ಮಾವನವರು ಎದ್ದರು. ಕಪಾಟಿನಿಂದ ನೇರಳೆ ಸೆರಗಿನ ಸೀರೆ ತೆಗೆದು ಕೊಡವಿದರು. ಸೆರಗನ್ನು ಎರಡೂ ಕೈಯಲ್ಲಿ ಅಗಲಕ್ಕೂ ಹಿಡಿದು, ಮಣೆಯ ಮೇಲಿದ್ದ ಮೊಬೈಲಿನ ಎದುರು ಮಂಡಿಯೂರಿ ಕೂತರು.

"ತಯಾರೈತ್ರೀ ಸಾಹೇಬ್ರ" ಎಂದರು ಫೋನಿಗೆ. "ಇಲ್ಲೇ ಐತಿ ನೋಡ್ರಿ."

ನಗುವ ಜಾಗ ಅದು. ಮೂಲೆಯ ನಶ್ಯದವರೂ ನಗಲಿಲ್ಲ. ಹೆಂಡತಿ ಬಾಗಿಲಿಂದ ಬಂದು ಅವರ ಕೈಯಿಂದ ಸೀರೆ ಬಿಡಿಸಲು ನೋಡಿದಳು. "ಅಪ್ಪಾ, ಅವ್ರಿಗೆ ಕಾಣೂದಿಲ್ಲೋ." ಅವರು ಬಿಡಲಿಲ್ಲ. "ಕಾಣೂದಿಲ್ಲಂದ್ರ ಕೇಳ್ತೈತಿಲ್ಲ" ಎಂದರು. ಬಣ್ಣ ಹೇಳಿದರು, ತೆನೆ ಹೇಗಿದೆ ಹೇಳಿದರು, ಕನ್ನಡದಲ್ಲಿ, ನಿಧಾನವಾಗಿ. ಮುಂಬಯಿಯವನು ಎಷ್ಟೊತ್ತಿಗೆ ಫೋನ್ ಇಟ್ಟನೋ ಯಾರೂ ಗಮನಿಸಲಿಲ್ಲ.

ನಾನು ಸಿಕ್ಕ ಬಸ್ಸು ಹತ್ತಿ ಹುನಗುಂದಕ್ಕೆ ಹೋದೆ. ಸೈಬರ್ ಸೆಂಟರಿನವರ ಕಾಲು ಹಿಡಿದು ನೀಲಿ ಬ್ರೌಸರನ್ನು ಹೊರಗೆ ತೆಗೆಸಿದೆ. ಸೆರಗು ಕಾಣದ ಪುಟವನ್ನು ಮೊದಲ ಸಲ ನನ್ನ ಕಣ್ಣಿನಿಂದ ನೋಡಿದೆ. ಎರಡು ಸಾಲು ಬರೆದೆ. ಸೆರಗು ಬಂತು. ಇನ್ನೊಮ್ಮೆ ನೋಡಿರಿ ಎಂದು ವ್ಯಾಪಾರಿಗೆ ಮೇಲ್ ಬರೆದೆ, ಜೊತೆಗೆ ಎಲ್ಲ ಸೆರಗುಗಳ ಫೋಟೋ ಕಳಿಸಿದೆ. ಚಂದ ಇವೆ ಎಂದು ಎರಡನೆಯ ದಿನ ಉತ್ತರ ಬಂತು. ಆರ್ಡರನ್ನು ಅಷ್ಟರಲ್ಲಿ ಇನ್ನೊಂದು ಊರಿನ ಪಾರ್ಟಿಗೆ ಕೊಟ್ಟಾಗಿತ್ತು.

ದಸರೆಯ ಹೊತ್ತಿಗೆ ಶೆಡ್ಡಿನ ಆರು ಮಗ್ಗಗಳಲ್ಲಿ ನಾಲ್ಕನ್ನು ಬಿಚ್ಚಿದರು. ಮಾವನವರದೂ ಅದರಲ್ಲಿತ್ತು. ಅವರು ಗ್ರಾನೈಟ್ ಫ್ಯಾಕ್ಟರಿಯ ಗೇಟಿಗೆ ಹೋದರು.